ಹನ್ನೊಂದು ಟ್ಯೂಬುಗಳ ಸಾಲು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಇದು ತಿಳಿದವರು ಹೇಳಬೇಕಾಗಿದ್ದ ಕಥೆ. ತಿಳಿದವರು ಯಾರೂ ಹೇಳಲಿಲ್ಲವಾದ್ದರಿಂದ ಅರೆಬರೆ ತಿಳಿದ ಕೈಗೆ ಬಂದಿದೆ. ಶಾಸ್ತ್ರದ ಮಾತಿನಲ್ಲಿ ಎಲ್ಲಾದರೂ ಎಡವಿದ್ದರೆ ತಿದ್ದಿ ಓದಿಕೊಳ್ಳಬೇಕು. ನಡೆದದ್ದನ್ನು ಮಾತ್ರ ನಡೆದ ಹಾಗೇ ಹೇಳಿದೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಆಸ್ಪತ್ರೆಯ ಫ್ರೀಜರುಗಳನ್ನು ನೋಡಿಕೊಳ್ಳುವ ಉಗ್ರಾಣಿಯನ್ನು ನೆಲಮಾಳಿಗೆಯಿಂದ ಮೇಲಕ್ಕೆ ಕರೆಸಿದರು.

ದೊಡ್ಡ ಡಾಕ್ಟರ ಕೋಣೆಯಲ್ಲಿ ಅವರೊಬ್ಬರೇ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಸಂಖ್ಯಾಶಾಸ್ತ್ರದವರು ಕೂತಿದ್ದರು — ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ಇಡೀ ಆಸ್ಪತ್ರೆ ಅವರನ್ನು ಸಾಧು ಎಂದೇ ಕರೆಯುತ್ತಿತ್ತು. ಕಿಟಕಿಯ ಬಳಿ ಪ್ರೋಗ್ರಾಂ ಬರೆಯುವ ಹುಡುಗಿ ನಿಂತಿದ್ದಳು. ಅವಳ ಕಿವಿಯಿಂದ ಹೆಡ್‌ಫೋನ್ ಇಳಿದದ್ದು ಅಪರೂಪ. ಹೆಸರೂ ಅದೇ ಆಗಿತ್ತು. ಇವತ್ತು ಮಾತ್ರ ಅದನ್ನು ಕುತ್ತಿಗೆಗೆ ಇಳಿಸಿಕೊಂಡಿದ್ದಳು. ಅದನ್ನು ನೋಡಿಯೇ ವಿಷಯ ಸಣ್ಣದಲ್ಲವೆಂದು ಉಗ್ರಾಣಿಗೆ ತಿಳಿಯಿತು.

ದೊಡ್ಡ ಡಾಕ್ಟರು ಒಂದು ಕಾಗದ ತಳ್ಳಿದರು.

"ಓದಿ. ಶುಕ್ರವಾರ ನಾಲ್ಕು ಗಂಟೆಯೊಳಗೆ ಸಹಿ ಬೇಕು."

ಅದೊಂದು ತಪ್ಪೊಪ್ಪಿಗೆ. ಫ್ರೀಜರಿನ ಬಾಗಿಲ ವಿಷಯದಲ್ಲಿ ತನ್ನ ಅಜಾಗರೂಕತೆಯಿಂದ ಹನ್ನೊಂದು ಟ್ಯೂಬುಗಳಲ್ಲಿದ್ದ ಕ್ಯಾನ್ಸರ್ ಗಡ್ಡೆಯ ಮಾದರಿಗಳು ಕೆಟ್ಟುಹೋದವು ಎಂದು ಉಗ್ರಾಣಿಯೇ ಬರೆದ ಹಾಗೆ ಟೈಪು ಮಾಡಿತ್ತು. ಕೆಳಗೆ ಟ್ಯೂಬುಗಳ ಸಂಖ್ಯೆ: 137, 22, 190, 8, 75, 161, 54, 209, 101, 33, 148.

ಮೊದಲನೆಯ ಸಂಖ್ಯೆಯ ಮೇಲೆ ಅವನ ಕಣ್ಣು ನಿಂತುಬಿಟ್ಟಿತು.

ಟ್ಯೂಬುಗಳ ಮೇಲೆ ಹೆಸರಿರುವುದಿಲ್ಲ. ಯಾರ ಗಡ್ಡೆ ಯಾವುದರಲ್ಲಿದೆ ಎಂದು ಉಗ್ರಾಣಿಗೆ ಗೊತ್ತಿರಬೇಕಾಗಿಯೂ ಇಲ್ಲ. ಆದರೆ ನೂರಾ ಮೂವತ್ತೇಳು ಯಾರದೆಂದು ಅವನಿಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಆಪರೇಷನ್ನಿನ ದಿನ ತಂಗಿ ತನ್ನ ಒಪ್ಪಿಗೆ ಚೀಟಿಯನ್ನು ತೋರಿಸಿ, "ಅಣ್ಣ, ಇದು ನನ್ನ ನಂಬರು. ನಿನ್ನ ಫ್ರೀಜರಲ್ಲಿ ಕಿಟಕಿ ಪಕ್ಕದ ಸೀಟು ಕೊಡು" ಎಂದು ನಕ್ಕಿದ್ದಳು.

"ನಾನು ಕೆಡಿಸಿಲ್ಲ ಸರ್," ಎಂದ.

"ಬಾಗಿಲು ಸೋರಿದ್ದು ಸುಳ್ಳಾ?"

"ಸೋರಿದ್ದು ನಿಜ. ಎಂಟು ತಿಂಗಳ ಹಿಂದೆ, ಭಾನುವಾರ. ರಬ್ಬರು ಕಿತ್ತುಬಂದಿತ್ತು. ನಲವತ್ತು ನಿಮಿಷದಲ್ಲಿ ಎಲ್ಲಾ ಪೆಟ್ಟಿಗೆಗಳನ್ನೂ ಪಕ್ಕದ ಫ್ರೀಜರಿಗೆ ಸಾಗಿಸಿದೆ. ನಾನೇ ಪುಸ್ತಕದಲ್ಲಿ ಬರೆದಿದ್ದೀನಲ್ಲ?"

"ನೀವೇ ಬರೆದಿದ್ದೀರಿ. ಅಷ್ಟೇ ಸಾಕು."

ಸಾಧು ಮೆಲ್ಲಗೆ ಕೆಮ್ಮಿದರು. "ಬೈಯಬೇಡಿ ಸರ್, ಪಾಪ. ಇಪ್ಪತ್ತಾರು ವರ್ಷ ದುಡಿದಿದ್ದಾರೆ. ಕೈತಪ್ಪು ಯಾರಿಗಿಲ್ಲ? ಅಣ್ಣಾ, ಒಂದು ಸಹಿ ಹಾಕಿಬಿಡಿ. ಗೌರವವಾಗಿ ನಿವೃತ್ತಿ ಕೊಡಿಸೋಣ."

ಬೈಗುಳಕ್ಕಿಂತ ಹೆಚ್ಚಾಗಿ ಆ 'ಪಾಪ' ಉಗ್ರಾಣಿಯ ಮೈಗೆ ಬೆಂಕಿ ಹಚ್ಚಿತು.

ಆದರೂ ಮೆಟ್ಟಿಲಿಳಿಯುವಾಗ ಒಂದು ಪ್ರಶ್ನೆ ಅವನನ್ನು ಕಚ್ಚಿಕೊಂಡೇ ಬಂತು. ನಲವತ್ತು ನಿಮಿಷ ಸಣ್ಣ ಹೊತ್ತೇನಲ್ಲ. ಕೆಡಿಸಿಲ್ಲ ಎಂದು ತಾನು ಹೇಳಿದ್ದು ಗೊತ್ತಿದ್ದೋ, ಕೋಪಕ್ಕೋ?

*

"ನಾನು ಕೆಟ್ಟುಹೋಗಿದ್ದೀನಂತಾ?" ತಂಗಿ ಹೊಲಿಗೆ ಯಂತ್ರದ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. "ನೋಡಿದ್ರೆ ಹಾಗೆ ಕಾಣ್ತೀನಾ?"

ಕಾಣುತ್ತಿದ್ದಳು. ಕಾಯಿಲೆ ಮರುಕಳಿಸಿ ಎರಡು ವರ್ಷವಾಗಿತ್ತು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಆದರೆ ನಾಲಿಗೆಗೆ ಯಾವ ಔಷಧಿಯೂ ತಾಗಿರಲಿಲ್ಲ.

"ತಮಾಷೆ ಬೇಡ ಪುಟ್ಟಿ. ನನ್ನ ಕೈಯಿಂದಲೇ ಆಗಿದ್ರೆ?"

"ಆಗಿದ್ರೆ ತೋರಿಸಲಿ. ಟ್ಯೂಬು ಎಲ್ಲಿ?"

"ಸುಟ್ಟುಬಿಟ್ರು. ಹೋದ ವಾರ ಮೇಲಿಂದ ಚೀಟಿ ಬಂತು, ಅವರೇ ಆರಿಸಿ ಮುಚ್ಚಿಟ್ಟಿದ್ದ ಡಬ್ಬೀನ ಕಸದ ಗಾಡಿಗೆ ನಾನೇ ಎತ್ತಿಕೊಟ್ಟೆ. ಒಳಗಿನ ನಂಬರು ನೋಡಲಿಲ್ಲ. ಯಾಕೆ ಅಂತ ಕೇಳಲಿಲ್ಲ."

ತಂಗಿಯ ಮುಖ ಕೆಂಪಾಯಿತು. "ನನ್ನ ಮೈಯಿಂದ ಕೊಯ್ದಿದ್ದು ಅದು. ಸುಡೋಕೆ ಮುಂಚೆ ಒಂದು ಮಾತು ನನ್ನ ಕೇಳಬೇಡ್ವಾ? ಆ ಪೆನ್ನು ಕೊಡು ಇಲ್ಲಿ."

ಆಸ್ಪತ್ರೆಯ ಪರಿಶೀಲನಾ ಸಮಿತಿಗೆ ಅವಳು ಬರೆದ ಪತ್ರದಲ್ಲಿ ಆರೇ ಸಾಲುಗಳಿದ್ದವು. ಮಾದರಿ ಕೊಟ್ಟವಳು ನಾನು. ಕೆಟ್ಟಿತೆಂದು ಹೇಳಿದವರು ಯಾರು, ಹೇಗೆ ಅಳೆದರು, ನನಗೆ ಗೊತ್ತಾಗಬೇಕು — ಇಷ್ಟೇ. ಮಾದರಿ ಕೊಟ್ಟವರು ಕೇಳಿದರೆ ಸಮಿತಿ ಉತ್ತರಿಸಲೇಬೇಕೆಂಬ ನಿಯಮವಿತ್ತು. ಅಲ್ಲಿಯತನಕ ಯಾರೂ ಕೇಳಿರಲಿಲ್ಲ, ಅಷ್ಟೇ.

ಬುಧವಾರ ಸಮಿತಿಯವರು ಟೀಚರಮ್ಮನನ್ನು ಕಳಿಸಿದರು.

*

ಟೀಚರಮ್ಮ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಿಯಾದವರು. ಆಮೇಲೆ ಕಂಪ್ಯೂಟರ್ ಕಲಿತು ಸಂಶೋಧನೆಗಳ ಅಂಕಿಅಂಶ ತಪಾಸಣೆ ಮಾಡುತ್ತಿದ್ದರು. ಗಿಡ್ಡ ಹೆಂಗಸು. ನೆಲಮಾಳಿಗೆಯ ಚಳಿಗೆ ಮೂಗು ಸೋರುತ್ತಿತ್ತು.

"ಭಾನುವಾರದ ಸೋರಿಕೆ ಯಾರಿಗೂ ಗೊತ್ತಿರಲಿಲ್ಲ, ಅಲ್ವಾ? ಬರೆಯದೆ ಬಿಡಬಹುದಿತ್ತು."

"ಬರೆಯದಿದ್ರೆ ನನ್ನ ನಂತರ ಬರೋರಿಗೆ ಹೇಗೆ ಗೊತ್ತಾಗಬೇಕು?" ಉಗ್ರಾಣಿ ಸಿಡುಕಿದ. "ನೀವೂ ಸಹಿ ಹಾಕಿಸೋಕೆ ಬಂದಿದ್ರೆ ಕಾಗದ ಮೇಲಿದೆ ಮೇಡಂ."

"ನನ್ನ ಮೇಲೆ ಯಾಕೆ ರೇಗ್ತೀರಿ? ರೇಗಬೇಕಾದವರು ಸಿಗೋತನಕ ಸ್ವಲ್ಪ ಉಳಿಸಿಕೊಳ್ಳಿ." ಅವರು ಮೂಗು ಒರೆಸಿಕೊಂಡರು. "ಆವತ್ತು ಆ ಫ್ರೀಜರಲ್ಲಿ ಎಷ್ಟು ಟ್ಯೂಬು ಇದ್ದವು?"

"ಇನ್ನೂರ ಹನ್ನೆರಡು. ಎಲ್ಲವೂ."

"ಜೀನು ಓದೋ ಯಂತ್ರಕ್ಕೆ ಹೋಗಿದ್ದು?"

"ಅದಾದ ಒಂದು ತಿಂಗಳಿಗೆ. ಎಲ್ಲವೂ ಹೋದವು. ಒಂದೊಂದರಿಂದ ಚೂರು ತೆಗೆದುಕೊಂಡು ಉಳಿದದ್ದನ್ನ ವಾಪಸ್ ಕೊಟ್ರು."

"ಆಗ ಯಾರಾದ್ರೂ ಕೆಟ್ಟಿದೆ ಅಂದ್ರಾ?"

ಉಗ್ರಾಣಿ ಯೋಚಿಸಿದ. "ಇಲ್ಲ... ಯಾರೂ ಅನ್ನಲಿಲ್ಲ."

"ನೀವು ಟ್ಯೂಬುಗಳ ಪಟ್ಟಿ ಬರೆಯೋದು ಹೇಗೆ?"

"ಇರೋ ಸಾಲಲ್ಲಿ. ಮೇಲಿನ ಅರೆಯಿಂದ ಕೆಳಕ್ಕೆ, ಒಂದು ಎರಡು ಮೂರು ಅಂತ. ಇನ್ನು ಹೇಗೆ ಬರೀತಾರೆ?"

ಟೀಚರಮ್ಮ ಆ ತಪ್ಪೊಪ್ಪಿಗೆಯ ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

*

ಮೇಲಿನ ವಿಚಾರಣೆಗೆ ಉಗ್ರಾಣಿಯೂ ಹೋದ. ಹೋಗಬಾರದೆಂದು ದೊಡ್ಡ ಡಾಕ್ಟರು ಹೇಳಿದರು. ಆರೋಪ ಹೊತ್ತವನು ಇರಲೇಬೇಕೆಂದು ಟೀಚರಮ್ಮ ಹೇಳಿದರು.

"ನಾನು ಮಕ್ಕಳಿಗೆ ಪಾಠ ಹೇಳಿದವಳು. ನನಗೂ ಹಾಗೇ ಹೇಳಿ," ಎಂದರು ಅವರು. "ನೀವು ಮಾಡಿರೋ ಜೀನುಗಳ ಪಟ್ಟಿ ಅಂದ್ರೆ ಏನು?"

"ಹದಿನೇಳು ಜೀನುಗಳ ಪಟ್ಟಿ," ದೊಡ್ಡ ಡಾಕ್ಟರ ಎದೆ ಉಬ್ಬಿತು. "ಸಾವಿರಾರು ಜೀನುಗಳಲ್ಲಿ ಕಂಪ್ಯೂಟರ್ ಹುಡುಕಿ ತೆಗೆದದ್ದು. ಗಡ್ಡೆಯಲ್ಲಿ ಈ ಹದಿನೇಳು ಎಷ್ಟು ಜೋರಾಗಿ ಕೆಲಸ ಮಾಡ್ತಿವೆ ಅಂತ ಅಳೆದು ಒಂದು ಅಂಕ ಕೊಡುತ್ತೆ. ಅಂಕ ಹೆಚ್ಚಿದ್ರೆ ಕ್ಯಾನ್ಸರ್ ಮತ್ತೆ ಬರುತ್ತೆ. ಕಡಿಮೆ ಇದ್ರೆ ಬರಲ್ಲ — ಅಂಥವರಿಗೆ ಆ ಕಠಿಣ ಔಷಧಿ ಬೇಕಿಲ್ಲ. ಸೋಮವಾರದಿಂದ ಆಸ್ಪತ್ರೆಯಲ್ಲಿ ಬಳಕೆಗೆ ಬರುತ್ತೆ."

"ಪರೀಕ್ಷೆ ಮಾಡಿದ್ರಾ?"

"ಅದಕ್ಕೇ ಈ ಟ್ಯೂಬುಗಳು! ನಾಲ್ಕು ವರ್ಷದಲ್ಲಿ ಯಾರಿಗೆ ಮರುಕಳಿಸಿತು, ಯಾರಿಗಿಲ್ಲ ಅಂತ ನಮಗೆ ಗೊತ್ತಿದೆ. ಕಾಯಿಲೆ ಮತ್ತೆ ಬಂದವರಲ್ಲಿ ನೂರಕ್ಕೆ ಎಂಬತ್ತು ಜನರನ್ನಾದ್ರೂ ಪಟ್ಟಿ ಮೊದಲೇ ಗುರುತಿಸಬೇಕು ಅಂತ ನಿಯಮ. ಗುರುತಿಸಿದೆ!"

"ಎಷ್ಟು?"

"ಎಂಬತ್ತು."

"ಸರಿಯಾಗಿ ಎಂಬತ್ತಾ?"

"ಸರಿಯಾಗಿ. ನನ್ನ ಕೈಗೆ ಬಂದದ್ದು ಒಂದೇ ಹಾಳೆ, ಅದರಲ್ಲಿ ಹಾಗೇ ಇದೆ. ಅಂಕಿಗಳೊಳಗೆ ನಾನು ಕೈ ಹಾಕಲ್ಲ."

ಹೆಡ್‌ಫೋನ್ ಹುಡುಗಿ ಉಗುರು ಕಚ್ಚುತ್ತಿದ್ದಳು.

"ನೀವು, ಮಗಳೇ?"

"ನಾನು ಅಂಕ ಕೊಡೋ ಪ್ರೋಗ್ರಾಂ ಬರೆದೆ. ಯಾರಿಗೆ ಕಾಯಿಲೆ ಮತ್ತೆ ಬಂತು ಅನ್ನೋದು ನನಗೆ ತೋರಿಸಲ್ಲ ಮೇಡಂ, ಮುಚ್ಚಿಟ್ಟಿರ್ತಾರೆ. ಉತ್ತರ ಗೊತ್ತಿದ್ರೆ ಅದಕ್ಕೆ ತಕ್ಕ ಹಾಗೆ ಪ್ರೋಗ್ರಾಂ ತಿರುಚಿಬಿಡ್ತೀವಲ್ಲ, ಅದಕ್ಕೆ. ಇನ್ನೂರ ಹನ್ನೆರಡಕ್ಕೂ ಅಂಕ ಹಾಕಿ ಕೊಟ್ಟೆ. ಆಮೇಲೆ ಹನ್ನೊಂದು ಕೆಟ್ಟಿವೆ, ತೆಗೀ ಅಂದ್ರು. ತೆಗೆದೆ."

"ಯಾರು ಅಂದ್ರು?"

"ಈಮೇಲ್ ಬಂತು. ವಿಭಾಗದ ವಿಳಾಸದಿಂದ. ಆ ವಿಳಾಸದಿಂದ ಎಲ್ಲರೂ ಬರೀತಾರೆ."

"ಕೆಟ್ಟಿದೆಯಾ ಅಂತ ನೋಡಿದ್ರಾ?"

ಅವಳು ತಲೆ ತಗ್ಗಿಸಿದಳು. ಉಗ್ರಾಣಿ ತಡೆಯಲಾರದೆ ಗುಡುಗಿದ. "ಹನ್ನೊಂದು ಜನ ಕಣಮ್ಮಾ! ಕೆಟ್ಟ ತರಕಾರಿ ಆರಿಸಿ ಬಿಸಾಕೋಕೂ ಒಂದ್ಸಲ ಮೂಸಿ ನೋಡ್ತಾರೆ!"

ಸಾಧು ಕೈ ಎತ್ತಿ ಸಮಾಧಾನ ಮಾಡಿದರು. "ಅಣ್ಣಾ, ಆ ಮಗುವಿನ ಮೇಲೆ ಯಾಕೆ? ಮೇಡಂ, ಗುಣಮಟ್ಟ ಅಳೆದ ಹಾಳೆ ಯಂತ್ರದ ಕೋಣೆಯಿಂದ ಬಂದಿತ್ತು. ಕಚೇರಿ ಬದಲಾಯಿಸುವಾಗ ಕಳೆದುಹೋಗಿದೆ. ನನ್ನದೇ ತಪ್ಪು ಅಂದುಕೊಳ್ಳಿ."

"ಯಂತ್ರ ಓದಿದ ಮೂಲ ಫೈಲುಗಳು?"

"ಅವು... ಇರಬೇಕು," ಎಂದರು ಸಾಧು.

"ಇವೆ," ಎಂದಳು ಹುಡುಗಿ, ತಟ್ಟನೆ.

*

ಗುರುವಾರ ಇಡೀ ದಿನ ಟೀಚರಮ್ಮ ಮತ್ತು ಹೆಡ್‌ಫೋನ್ ಒಂದೇ ಪರದೆಯ ಮುಂದೆ ಕೂತರು. ಹುಡುಗಿಯ ಕುತ್ತಿಗೆಯಲ್ಲಿದ್ದ ಹೆಡ್‌ಫೋನ್ ಕಿವಿಗೇರಲೇ ಇಲ್ಲ. ಉಗ್ರಾಣಿ ಬಾಗಿಲಲ್ಲಿ ಎರಡು ಸಲ ಇಣುಕಿ, ಏನೂ ಅರ್ಥವಾಗದೆ ಹಲ್ಲು ಕಡಿಯುತ್ತ ಕೆಳಗಿಳಿದ. ಮೂರನೆಯ ಸಲ ಹೋದಾಗ ಟೀಚರಮ್ಮ ತಿರುಗಿ ನೋಡಿ, "ನಾಳೆ ನಿಮ್ಮ ತಂಗೀನೂ ಕರ್ಕೊಂಡು ಬನ್ನಿ" ಎಂದರು. ಮುಖ ನೋಡಿದರೆ ಒಳ್ಳೆಯದೋ ಕೆಟ್ಟದ್ದೋ ತಿಳಿಯುವ ಹಾಗಿರಲಿಲ್ಲ.

ಶುಕ್ರವಾರ ಮೂರು ಗಂಟೆ. ದೊಡ್ಡ ಡಾಕ್ಟರ ಮೇಜಿನ ಮೇಲೆ ತಪ್ಪೊಪ್ಪಿಗೆಯ ಕಾಗದ, ಅದರ ಮೇಲೆ ಪೆನ್ನು. ತಂಗಿ ಏದುಸಿರು ಬಿಡುತ್ತ ಬಂದು, ಯಾರೂ ಹೇಳುವ ಮೊದಲೇ ದೊಡ್ಡ ಕುರ್ಚಿಯೊಂದನ್ನು ಎಳೆದುಕೊಂಡು ಕೂತಳು.

"ಮೊದಲನೇ ಪ್ರಶ್ನೆ," ಎಂದರು ಟೀಚರಮ್ಮ. "ಮಾದರಿಗಳು ಕೆಟ್ಟಿದ್ದವಾ? ಟ್ಯೂಬು ಸುಟ್ಟಿದ್ದಾರೆ, ಹಾಳೆ ಕಳೆದಿದೆ. ಇನ್ನು ಯಾರನ್ನ ಕೇಳೋದು? — ಅಮ್ಮಾ, ನೀವು ಹೊಲಿಗೆಯವರು. ಉದ್ದ ದಾರದ ಒಂದೇ ತುದಿಗೆ ಗಂಟು ಹಾಕಿದ್ದೀರಿ. ಆ ಗಂಟನ್ನ ಮಾತ್ರ ಹಿಡಿಯೋ ಕೊಕ್ಕೆ ಇದೆ. ಎಳೆದ್ರೆ ಏನು ಬರುತ್ತೆ?"

"ದಾರ ಪೂರ್ತಿ ಬರುತ್ತೆ," ತಂಗಿ ಹೇಳಿದಳು.

"ದಾರ ಹಳೆಯದಾಗಿ ತುಂಡುತುಂಡಾಗಿದ್ರೆ?"

"ಗಂಟಿನ ಹತ್ತಿರದ ತುಂಡು ಮಾತ್ರ ಬರುತ್ತೆ. ಉಳಿದದ್ದು ಅಲ್ಲೇ ಬಿದ್ದಿರುತ್ತೆ."

"ಅಷ್ಟೇ. ಜೀನು ಕೆಲಸ ಮಾಡೋವಾಗ ತನ್ನದೊಂದು ನಕಲು ಮಾಡುತ್ತೆ, ದಾರದ ಹಾಗೆ. ಬಾಲದಲ್ಲಿ ಒಂದು ಗುರುತು ಇರುತ್ತೆ. ಇಲ್ಲಿಯ ಯಂತ್ರ ಆ ಬಾಲ ಹಿಡಿದೇ ಎಳೆದು ಓದೋದು. ಮಾದರಿ ಬೆಚ್ಚಗಾಗಿ ಕೆಟ್ಟಿದ್ರೆ ದಾರ ತುಂಡಾಗಿರುತ್ತೆ, ಬಾಲದ ಕಡೆ ಮಾತ್ರ ಓದು ಸಿಗುತ್ತೆ. ತಲೆ ಕಡೆ ಖಾಲಿ. ಮಗಳೇ, ತೋರಿಸಿ."

ಹೆಡ್‌ಫೋನ್ ಹುಡುಗಿ ಪರದೆಯಲ್ಲಿ ಹನ್ನೊಂದು ಗೆರೆಗಳನ್ನು ತೆರೆದಳು. ತಲೆಯಿಂದ ಬಾಲದವರೆಗೆ ಹನ್ನೊಂದೂ ಒಂದೇ ಸಮ. ಉಳಿದ ಇನ್ನೂರ ಒಂದರ ಗೆರೆಗಳ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಹೇಳಲು ಬರುವಂತಿರಲಿಲ್ಲ.

"ಈ ಚಿತ್ರಗಳು ಏಳು ತಿಂಗಳಿಂದ ನನ್ನ ಕಂಪ್ಯೂಟರಲ್ಲೇ ಇದ್ದವು," ಎಂದಳು ಅವಳು. "ಪ್ರೋಗ್ರಾಂ ತಾನಾಗೇ ಬರೆದಿಟ್ಟಿತ್ತು. ನಾನು ಆ ಫೋಲ್ಡರ್ ತೆರೆಯಲೇ ಇಲ್ಲ."

"ಅಂದ್ರೆ..." ಉಗ್ರಾಣಿ ಪರದೆಯ ಹತ್ತಿರಕ್ಕೆ ಬಾಗಿದ.

"ಅಂದ್ರೆ ಆ ಭಾನುವಾರ ನೀವು ಒಂದು ಟ್ಯೂಬನ್ನೂ ಕೆಡಿಸಲಿಲ್ಲ. ಇನ್ನೂರ ಹನ್ನೆರಡನ್ನೂ ಉಳಿಸಿದ್ರಿ."

ತಂಗಿ ಅಣ್ಣನ ಮೊಣಕೈಯನ್ನು ಹಿಡಿದುಕೊಂಡಳು.

"ಹಾಗಾದ್ರೆ ಯಾವನೋ ಸುಳ್ಳು ಹೇಳಿದ್ದಾನೆ!" ದೊಡ್ಡ ಡಾಕ್ಟರು ಮೇಜು ಕುಟ್ಟಿದರು. "ಯಾರು?"

"ಎರಡನೇ ಪ್ರಶ್ನೆ. ಈ ಕಾಗದ ಎಲ್ಲರೂ ಓದಿದ್ದೀರಿ. ಸಂಖ್ಯೆಗಳನ್ನ ನೋಡಿದ್ದೀರಿ. ಯಾವ ಸಾಲಲ್ಲಿ ಬರೆದಿದೆ ಅಂತ ಯಾರೂ ನೋಡಲಿಲ್ಲ. ನೂರಾ ಮೂವತ್ತೇಳು, ಇಪ್ಪತ್ತೆರಡು, ನೂರಾ ತೊಂಬತ್ತು, ಎಂಟು... ಉಗ್ರಾಣಿಯವರು ಬರೆದಿದ್ರೆ ಎಂಟರಿಂದ ಶುರುವಾಗ್ತಿತ್ತು. ಯಾವುದೇ ಗುಮಾಸ್ತ ಬರೆದಿದ್ರೂ ಹಾಗೇ. ಇದು ಯಾರ ಸಾಲು?"

ಟೀಚರಮ್ಮ ಚೀಲದಿಂದ ಇನ್ನೊಂದು ಹಾಳೆ ತೆಗೆದರು.

"ನಿನ್ನೆ ಹನ್ನೊಂದಕ್ಕೂ ಮತ್ತೆ ಅಂಕ ಹಾಕಿಸಿದೆ. ಅತಿ ಕಡಿಮೆ ಅಂಕದಿಂದ ಮೇಲಕ್ಕೆ ಜೋಡಿಸಿದೆ. ನೂರಾ ಮೂವತ್ತೇಳು. ಇಪ್ಪತ್ತೆರಡು. ನೂರಾ ತೊಂಬತ್ತು. ಎಂಟು. — ಕೊನೇವರೆಗೂ ಇದೇ ಸಾಲು, ಒಂದೂ ಹೆಚ್ಚುಕಮ್ಮಿ ಇಲ್ಲ. ಹನ್ನೊಂದು ಸಂಖ್ಯೆಗಳನ್ನ ಸುಮಾರು ನಾಲ್ಕು ಕೋಟಿ ಬಗೆಯಲ್ಲಿ ಸಾಲಾಗಿಡಬಹುದು. ಅಕಸ್ಮಾತ್ತಾಗಿ ಇದೊಂದೇ ಬಂತಾ? ಇಲ್ಲ. ಇದನ್ನ ಬರೆದವರ ಕಣ್ಣ ಮುಂದೆ ಅಂಕಗಳ ಪಟ್ಟಿ ಇತ್ತು."

ದೊಡ್ಡ ಡಾಕ್ಟರು ಹುಡುಗಿಯ ಕಡೆ ತಿರುಗಿದರು. "ಅಂಕ ಇದ್ದದ್ದು ನಿನ್ನ ಹತ್ರ!"

"ತಡೀರಿ. ಈ ಹನ್ನೊಂದು ಜನಕ್ಕೂ ಕಾಯಿಲೆ ಮರುಕಳಿಸಿದೆ, ಒಬ್ಬರನ್ನೂ ಬಿಡದೆ. 'ನಿಮಗೇನೂ ಭಯವಿಲ್ಲ' ಅಂತ ಪಟ್ಟಿ ಹೇಳ್ತು. ಕ್ಯಾನ್ಸರ್ ವಾಪಸ್ ಬಂತು. ಅಂಥವರನ್ನೇ ಹೆಕ್ಕಿ ತೆಗೆಯೋಕೆ ಅಂಕ ಮಾತ್ರ ಗೊತ್ತಿದ್ರೆ ಸಾಲದು. ಯಾರಿಗೆ ಮರುಕಳಿಸಿತು ಅನ್ನೋದೂ ಗೊತ್ತಿರಬೇಕು. ಅದು ಈ ಮಗುವಿಗೆ ತೋರಿಸಿರಲಿಲ್ಲ. ನಿಮಗೆ ಬಂದದ್ದು ಒಂದೇ ಹಾಳೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋ ಕೆಲಸ ಇಡೀ ವಿಭಾಗದಲ್ಲಿ ಒಬ್ಬರದೇ. ಮುಚ್ಚಿಟ್ಟ ಫೈಲು ತೆರೆದಿರೋದು ಒಂದೇ ಕಂಪ್ಯೂಟರಲ್ಲಿ, ಅದರ ದಾಖಲೆ ಇದೆ."

ಟೀಚರಮ್ಮ ಸಾಧುವಿನ ಕಡೆ ನೋಡಿದರು.

"ಮರುಕಳಿಸಿದವರು ಐವತ್ತೊಂದು ಜನ. ಪಟ್ಟಿ ಗುರುತಿಸಿದ್ದು ಮೂವತ್ತೆರಡು. ನೂರಕ್ಕೆ ಅರವತ್ತಮೂರೂ ಆಗಲ್ಲ. ಅತಿ ದೊಡ್ಡ ತಪ್ಪಿನಿಂದ ಶುರುಮಾಡಿ ಒಬ್ಬೊಬ್ಬರನ್ನೇ ಅಳಿಸ್ತಾ ಬಂದ್ರಿ. ಹತ್ತು ಜನರನ್ನ ತೆಗೆದಾಗ ಎಪ್ಪತ್ತೆಂಟು. ಹನ್ನೊಂದನೆಯವರನ್ನ ತೆಗೆದಾಗ ನಲವತ್ತಕ್ಕೆ ಮೂವತ್ತೆರಡು — ಎಂಬತ್ತು. ಅಲ್ಲಿಗೆ ನಿಲ್ಲಿಸಿದ್ರಿ. ಸಾಲು ಬದಲಾಯಿಸಬೇಕು ಅಂತ ನಿಮಗೆ ಹೊಳೆಯಲೇ ಇಲ್ಲ. ಅಂಕದ ಸಾಲಲ್ಲಿ ನೋಡಿ ನೋಡಿ ನಿಮ್ಮ ಕಣ್ಣಿಗೆ ಅದೇ ಸಹಜ ಆಗಿತ್ತು, ಇವರಿಗೆ ಅರೆಯ ಸಾಲು ಸಹಜ ಆದ ಹಾಗೆ."

ಸಾಧು ಕನ್ನಡಕ ತೆಗೆದು ಒರೆಸಿದರು. ದನಿ ಆಗಲೂ ಏರಲಿಲ್ಲ.

"ಆರು ವರ್ಷದ ಕೆಲಸ ಮೇಡಂ. ಪಟ್ಟಿ ಬಹಳ ಜನಕ್ಕೆ ಸರಿಯಾಗೇ ಹೇಳುತ್ತೆ. ಎಷ್ಟೋ ಹೆಂಗಸರಿಗೆ ಆ ವಿಷದಂಥ ಔಷಧಿ ತಪ್ಪುತ್ತೆ. ಹನ್ನೊಂದು ಜನಕ್ಕೋಸ್ಕರ ಎಲ್ಲವನ್ನೂ..."

"ಅದರಲ್ಲಿ ಒಂದು ನಾನು," ಎಂದಳು ತಂಗಿ. "ಇಲ್ಲೇ ಕೂತಿದ್ದೀನಿ. ಸರಿಯಾಗಿ ನೋಡಿ ಮಾತಾಡಿ."

ಸಾಧು ಅವಳ ತಲೆಯ ಬಟ್ಟೆಯನ್ನು ನೋಡಿದರು. ಉಗ್ರಾಣಿಯನ್ನು ನೋಡಿದರು. "ಅಣ್ಣಾ, ನನಗೆ ಗೊತ್ತಿರಲಿಲ್ಲ. ಅವು ಬರೀ ನಂಬರುಗಳು. ನಿಮ್ಮ ತಂಗಿ ಅಂತ ನಿಜವಾಗಲೂ ಗೊತ್ತಿರಲಿಲ್ಲ."

ಉಗ್ರಾಣಿ ಎದ್ದು ನಿಂತ. ಐದು ದಿನ ಉಳಿಸಿಕೊಂಡಿದ್ದ ಕೋಪ ಒಮ್ಮೆಲೇ ಬಾಯಿಗೆ ಬಂತು. ಆದರೆ ಕೂಗಾಗಿ ಬರಲಿಲ್ಲ.

"ಗೊತ್ತಿದ್ದಿದ್ರೆ? ಬೇರೆ ಯಾರದೋ ತಂಗೀನ ತೆಗೀತಿದ್ರಾ?"

ಸಾಧು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಸೋರಿಕೆ ನಾನು ಮುಚ್ಚಿಟ್ಟಿದ್ರೆ ನಿಮಗೆ ನೆಪವೇ ಸಿಗ್ತಿರಲಿಲ್ಲ. ನಾನು ಬರೆದಿಟ್ಟ ನಿಜದಿಂದಲೇ ನನ್ನ ಕುತ್ತಿಗೆ ಕೊಯ್ಯೋಕೆ ಬಂದ್ರಿ. ಮೇಲಿಂದ 'ಪಾಪ' ಅಂದ್ರಿ. ನನ್ನ ತಂಗಿ ಸೋಮವಾರದಿಂದ ನನ್ನ ಮುಖ ನೋಡಿದಾಗೆಲ್ಲ ನಾನು ನೆಲ ನೋಡಿದ್ದೀನಿ. ಅದಕ್ಕೆ ಯಾವ ಫೈಲಲ್ಲಿ ಲೆಕ್ಕ ಇಟ್ಟಿದ್ದೀರಿ?"

ಅವನು ತಪ್ಪೊಪ್ಪಿಗೆಯ ಕಾಗದವನ್ನು ಹರಿಯಲಿಲ್ಲ. ಸಾಧುವಿನ ಮುಂದಿಟ್ಟು, ಅದರ ಮೇಲೆ ಪೆನ್ನು ಇಟ್ಟ.

"ನೀವೇ ಬರೆದದ್ದು. ನೀವೇ ಸಹಿ ಹಾಕಿ."

*

ಪಟ್ಟಿ ಸೋಮವಾರ ಬಳಕೆಗೆ ಬರಲಿಲ್ಲ. ಸಾಧುವನ್ನು ಕೆಲಸದಿಂದ ತೆಗೆದರು. ದೊಡ್ಡ ಡಾಕ್ಟರು ಅದೇ ಕುರ್ಚಿಯಲ್ಲಿದ್ದಾರೆ. ಉಗ್ರಾಣಿಗೆ ಎರಡು ಸಾಲಿನ ಕ್ಷಮಾಪಣೆ ಬಂತು. ಅದರಲ್ಲಿ 'ವಿಷಾದ' ಎಂದಿತ್ತು, 'ತಪ್ಪು' ಎಂದಿರಲಿಲ್ಲ. ಅವನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಇರಾದೆಯೂ ಅವನಿಗಿಲ್ಲ.

ಇನ್ನು ತಿಳಿಯದೆ ಉಳಿದದ್ದನ್ನೂ ಹೇಳಿಬಿಡಬೇಕು. ಎಂಬತ್ತಕ್ಕಿಂತ ಕಡಿಮೆ ತರಬೇಡಿ ಎಂದು ದೊಡ್ಡ ಡಾಕ್ಟರು ಸಾಧುವಿಗೆ ಬಾಯಿಮಾತಿನಲ್ಲಿ ಹೇಳಿದ್ದರೋ ಇಲ್ಲವೋ ಗೊತ್ತಿಲ್ಲ. ಇಬ್ಬರೂ ಇಲ್ಲ ಎನ್ನುತ್ತಾರೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಹದಿನೇಳು ಜೀನುಗಳೂ ಸುಮ್ಮನಿದ್ದ ಹನ್ನೊಂದು ಜನರ ಗಡ್ಡೆಯಲ್ಲಿ ಕಾಯಿಲೆಯನ್ನು ವಾಪಸ್ ಕರೆತಂದ ಬೇರೆ ಜೀನು ಯಾವುದು? ಹೆಡ್‌ಫೋನ್ ಹುಡುಗಿ ಉಳಿದ ಫೈಲುಗಳಲ್ಲಿ ಈಗ ಅದನ್ನೇ ಹುಡುಕುತ್ತಿದ್ದಾಳೆ. ಸಿಕ್ಕಿತು ಅನ್ನಿಸಿದ್ದನ್ನು ಒರೆಗೆ ಹಚ್ಚಿ ನೋಡಲು ಬೇಕಾದ ಮಾದರಿಗಳು ಸುಟ್ಟುಹೋಗಿವೆ. ತಂಗಿ ಪ್ರತಿ ಸಲ ಆಸ್ಪತ್ರೆಗೆ ಬಂದಾಗಲೂ ಆ ಹುಡುಗಿಯ ಬಾಗಿಲಲ್ಲಿ ನಿಂತು, "ಏನಮ್ಮಾ, ಗೊತ್ತಾಯ್ತಾ?" ಎಂದು ಕೇಳುತ್ತಾಳೆ.

ಇಲ್ಲಿಯತನಕ ಗೊತ್ತಾಗಿಲ್ಲ.